ಪ್ರೂಫ್ ಸೆಟ್ಟಿನ ಜೋಡಿ ಸತ್ಯ

"ನೋಡ್ತಾ ಇರು ವಸಂತಿ, ಈ ಕಬ್ಬಿಣದ ಸಹವಾಸಕ್ಕೆ ಬೇಗ ಒಂದು ದೊಡ್ಡ ನಮಸ್ಕಾರ! ಆಮೇಲೆ ಈ ಭುಜಂಗ ಬದುಕುವುದು ಬರೀ ಕಣ್ಣಿನ ಬಲದ ಮೇಲೆ!"

ಹೀಗೆ ಘೋಷಿಸುವಾಗ ಭುಜಂಗರಾಯರ ಒಂದು ಕೈಯಲ್ಲಿ ಭೂತಗನ್ನಡಿ, ಇನ್ನೊಂದು ಕೈಯಲ್ಲಿ ನೀರುದೋಸೆ. ಕಳಂಬೋಲಿಯ ಕಬ್ಬಿಣದ ಅಂಗಡಿಯೊಂದರಲ್ಲಿ ಮ್ಯಾನೇಜರ್ ಆಗಿ ಸರಳು, ತಗಡುಗಳ ನಡುವೆಯೇ ಕೂದಲು ಹಣ್ಣಾದವರು ಅವರು.

"ಕಣ್ಣಿನ ಬಲವಾ? ಮೊನ್ನೆ ಜೀರಿಗೆ ತನ್ನಿ ಅಂದರೆ ಸೋಂಪು ತಂದವರು ನೀವೇ ಅಲ್ವಾ?" ಎಂದರು ವಸಂತಿ.

ರಾಯರು ಕೇಳಿಸಿಕೊಳ್ಳಲಿಲ್ಲ. ಅವರ ಹೊಸ ಹುಚ್ಚು ಪ್ರೂಫ್ ಸೆಟ್. ಸಂಗ್ರಹಕಾರರಿಗೆಂದೇ ಟಂಕಸಾಲೆಯವರು ಕನ್ನಡಿಯ ಹಾಗೆ ಹೊಳೆಯುವ ನಾಣ್ಯಗಳನ್ನು ಮುದ್ರಿಸಿ, ಚೆಂದದ ಡಬ್ಬಿಯಲ್ಲಿಟ್ಟು ಮಾರುತ್ತಾರಲ್ಲ, ಅದು. ಹಳೆಯ ಸೆಟ್ಟುಗಳನ್ನು ಕೇಳುವವರಿಲ್ಲ. ವಾಶಿಯ ಒಬ್ಬ ವ್ಯಾಪಾರಿ ಅವನ್ನು ಹೆಚ್ಚುಕಡಿಮೆ ತರಕಾರಿಯ ದರಕ್ಕೆ ಕೊಡುತ್ತಿದ್ದ. ರಾಯರ ಮಹಾಸಿದ್ಧಾಂತ ಇಷ್ಟು: ಎಲ್ಲರೂ ಡಬ್ಬಿ ನೋಡುತ್ತಾರೆ, ಅಕ್ಷರ ನೋಡುವವರಿಲ್ಲ! ಅಚ್ಚು ಒಂದು ಕೂದಲೆಳೆ ತಪ್ಪಿದ ನಾಣ್ಯ ಆ ಅಗ್ಗದ ಡಬ್ಬಿಗಳಲ್ಲಿ ಎಲ್ಲೋ ಅಡಗಿ ಕೂತಿರುತ್ತದೆ. ಅಂಥದ್ದೊಂದು ಸಿಕ್ಕರೆ ಸಾಕು, ಸಂಗ್ರಹಕಾರರು ಲಕ್ಷಗಟ್ಟಲೆ ಸುರಿಯುತ್ತಾರೆ!

"ಪ್ರೂಫ್ ಅಂದರೆ ಎಂತದಕ್ಕೆ ಪ್ರೂಫ್? ನಿಮ್ಮ ತಲೆ ಸರಿ ಇಲ್ಲ ಅನ್ನುದಕ್ಕಾ?"

ಆದರೂ ವಸಂತಿ ಈ ಹುಚ್ಚನ್ನು ಸಹಿಸಿಕೊಂಡಿದ್ದರು. ಪರೀಕ್ಷೆಯಲ್ಲಿ ಫೇಲಾದ ಸೆಟ್ಟುಗಳೆಲ್ಲ ನಾಮಕರಣಕ್ಕೆ, ಉಪನಯನಕ್ಕೆ ಉಡುಗೊರೆಯಾಗಿ ಖರ್ಚಾಗುತ್ತಿದ್ದವು.

ಆ ಶನಿವಾರ ರಾಯರು ಭೂತಗನ್ನಡಿ ಹಿಡಿದವರು ಹಾಗೆಯೇ ಕಲ್ಲಾಗಿಬಿಟ್ಟರು. ಎರಡು ರೂಪಾಯಿಯ ನಾಣ್ಯದಲ್ಲಿ ಸಿಂಹದ ಕೆಳಗಿನ 'ಸತ್ಯಮೇವ ಜಯತೇ' ಜೋಡಿಜೋಡಿಯಾಗಿ ಕಾಣುತ್ತಿತ್ತು! ಪ್ರತಿ ಅಕ್ಷರದ ಪಕ್ಕದಲ್ಲೂ ಅದರದೇ ನೆರಳು! ಕನ್ನಡಕ ಒರೆಸಿದರು. ಕಣ್ಣು ಒರೆಸಿದರು. ಆಗಲೂ ಸತ್ಯ ಎರಡೆರಡು ಸಲವೇ ಗೆಲ್ಲುತ್ತಿತ್ತು! ಫೋಟೋ ತೆಗೆದು, ಥಾಣೆಯಲ್ಲಿದ್ದ ನಾಣ್ಯಪಂಡಿತ ಯಂಕಪ್ಪನವರಿಗೆ ಕಳಿಸಿ, ಡಬ್ಬಿಯನ್ನು ಟೀವಿಯ ಒಂದು ಪಕ್ಕದಲ್ಲಿ ಭದ್ರವಾಗಿಟ್ಟರು. ಇನ್ನೊಂದು ಪಕ್ಕದಲ್ಲಿ ಅದೇ ವರ್ಷದ, ಫೇಲಾದ ಡಬ್ಬಿಯೊಂದಿತ್ತು.

ಮರುದಿನ ಕೋಪರಖೈರಣೆಯಲ್ಲಿ ವಸಂತಿಯ ತಮ್ಮ ರಮಾಕಾಂತನ ಹೊಸ ಫ್ಲ್ಯಾಟಿನ ಗೃಹಪ್ರವೇಶ. ಹೋದರು, ಉಡುಗೊರೆಯ ಡಬ್ಬಿ ಕೊಟ್ಟರು, ಹೋಳಿಗೆ ತಿಂದರು, ಬಂದರು. ಯಂಕಪ್ಪನವರ ಫೋನ್ ಬಂದದ್ದು ಮಂಗಳವಾರ ಸಂಜೆ.

"ರಾಯರ, ಇದು ಖರೇನ ಅಪರೂಪದ್ದು ಐತ್ರಿ! ಡಬ್ಬಿ ತೆರೀಬ್ಯಾಡ್ರಿ, ಕೈ ಹಚ್ಚಬ್ಯಾಡ್ರಿ. ಗಿರಾಕಿನ್ನ ನಾನ ಕರಕೊಂಡ ಬರ್ತೀನಿ. ನಿಮ್ಮ ನಸೀಬ ತೆರೀತು!"

ರಾಯರು ಟೀವಿಯ ಹತ್ತಿರ ಹಾರಿದರು. ಡಬ್ಬಿ ತೆರೆದರೆ 'ಸತ್ಯಮೇವ ಜಯತೇ' ಒಂದೇ ಒಂದು, ಸಾಧುವಾಗಿ ನಿಂತಿದೆ.

"ವಸಂತೀ! ರಮಾಕಾಂತನಿಗೆ ಯಾವ ಡಬ್ಬಿ ಕಟ್ಟಿದೆ?"

"ನೀವೇ ಹೇಳಿದ್ದಲ್ವಾ, ಟೀವಿಯ ಎಡಗಡೆ ಇಟ್ಟದ್ದು ಕೊಡು ಅಂತ?"

"ಎಡಗಡೆಯದ್ದು ಕೊಟ್ಟಿದ್ದರೆ ಇದು ಇಲ್ಲಿ ಹೇಗೆ ಇರ್ತಿತ್ತು?"

"ಯಾರ ಎಡಗಡೆ ಮಾರಾಯ್ರೆ? ನಿಮ್ಮದ್ದಾ, ಟೀವಿಯದ್ದಾ?"

ಟೀವಿಗೂ ಒಂದು ಎಡಗಡೆ ಇರುತ್ತದೆ ಎಂಬುದು ಭುಜಂಗರಾಯರಿಗೆ ಹೊಳೆದೇ ಇರಲಿಲ್ಲ! ಅವರು ಸೋಫಾದ ಮೇಲೆ ಕುಸಿದರು. ಮತ್ತೆ ಎದ್ದು ಚಪ್ಪಲಿ ಹುಡುಕಿದರು.

"ಕೊಟ್ಟ ಉಡುಗೊರೆ ವಾಪಸ್ ಕೇಳುದಾ? ಅದೂ ನನ್ನ ತಮ್ಮನ ಹತ್ರ? ನಿಮ್ಮ ಹತ್ರ ನಾಣ್ಯ ಉಂಟು, ನಾಚಿಕೆ ಇಲ್ಲ!"

"ಕೇಳುವುದಿಲ್ಲ ಮಾರಾಯ್ತಿ, ಬದಲಾಯಿಸುವುದು! ಅದೇ ವರ್ಷದ ಡಬ್ಬಿ ಇದು. ಅವರು ಆಚೆ ತಿರುಗಿದಾಗ ಇದನ್ನಿಟ್ಟು ಅದನ್ನು ಎತ್ತುವುದು. ಯಾರಿಗೂ ಗೊತ್ತಾಗುವುದಿಲ್ಲ."

ಡಬ್ಬಿ ಚೀಲದೊಳಗೆ ಸೇರಿತು. ರಿಕ್ಷಾದಿಂದ ಇಳಿಯುವಾಗ ವಸಂತಿ ಒಂದೇ ಮಾತು ಹೇಳಿದರು, "ನಾಣ್ಯದ ಸುದ್ದಿ ಎತ್ತಿದರೆ ನಾನು ತಮ್ಮನ ಮನೆಯಲ್ಲಿಯೇ ಉಳಿಯುದು, ನೀವೊಬ್ಬರೇ ವಾಪಸ್ ಹೋಗಿ."

ಬಾಗಿಲು ತೆರೆದ ರಮಾಕಾಂತನಿಗೆ ಆಶ್ಚರ್ಯ. "ಎಂತ ಭಾವ, ಇಷ್ಟು ಬೇಗ ಮತ್ತೆ?"

"ಏನಿಲ್ಲ, ನಿಮ್ಮ ಬಾಲ್ಕನಿಯ ಗಾಳಿ ನೆನಪಾಯಿತು."

ಬಾಲ್ಕನಿ ಎದುರಿನ ಕಟ್ಟಡದ ಗೋಡೆಗೆ ಅಂಟಿಕೊಂಡಿತ್ತು. ರಾಯರು ಆ ಗೋಡೆಯನ್ನು ಹೊಗಳಿದರು, ನೀರು ಕೇಳಿದರು, ಮತ್ತೆ ನೀರು ಕೇಳಿದರು. ಕಣ್ಣು ಮಾತ್ರ ಶೋಕೇಸಿನ ಮೇಲೆ. ಅಲ್ಲಿ ಗಾಜಿನ ನವಿಲಿತ್ತು, ಗಣಪತಿ ಇದ್ದ, ಡಬ್ಬಿ ಇರಲಿಲ್ಲ!

"ನೀವು ಕೊಟ್ಟ ಗಿಫ್ಟು ಎಷ್ಟು ಉಪಯೋಗಕ್ಕೆ ಬಂತು ಗೊತ್ತಾ ಅಣ್ಣ!" ನೀರಿನ ಲೋಟ ಕೊಡುತ್ತಾ ರಮಾಕಾಂತನ ಹೆಂಡತಿ, ಮೈಸೂರಿನ ಶ್ರೀವಾಣಿ ಹೇಳಿದಳು. "ನಾಳೆ ಸ್ಕೂಲಲ್ಲಿ ಫ್ಯಾನ್ಸಿ ಡ್ರೆಸ್. ಚಿನ್ನು, ಬಾರೇ, ಮಾವನಿಗೆ ತೋರ್ಸು!"

ಒಳಗಿನಿಂದ ಅಮ್ಮನ ರೇಷ್ಮೆ ಶಾಲು ಸುತ್ತಿಕೊಂಡ ಒಬ್ಬ ಪುಟ್ಟ ರಾಣಿ ಓಡಿಬಂದಳು. ಕೈಯಲ್ಲಿ ರಟ್ಟಿನ ಕತ್ತಿ. ಕೊರಳಲ್ಲಿ ಫಳಫಳ ಹೊಳೆಯುವ ಕಾಸಿನ ಸರ!

"ಮಾವಾ, ದೇಖೋ ನಾ! ಮೈ ರಾನೀ ಹೂಂ!"

ರಾಯರು ಮಂಡಿಯೂರಿ ಕೂತು ಸರ ಹಿಡಿದು ನೋಡಿದರು. ಸಿಂಹಗಳೆಲ್ಲ ಶೀರ್ಷಾಸನ ಹಾಕಿದ್ದವು. ಎರಡು ರೂಪಾಯಿಯ ಮೇಲೆ, ಸತ್ಯ ಜೋಡಿಯಾಗಿ ಗೆದ್ದಿದ್ದ ಜಾಗದಲ್ಲಿ, ಆಚೆಯ ಗೋಡೆ ಕಾಣುವಷ್ಟು ದೊಡ್ಡ ತೂತು!

"ತೂತು... ಕೆಳಗೆ ಯಾಕೆ?" ರಾಯರು ತೂತಿನ ಮೇಲೆ ಬೆರಳಿಟ್ಟು ಕೇಳಿದರು.

"ಮೇಲೆ ಹೊಡೆದ್ರೆ ಸಿಂಹದ ತಲೆಗೆ ತಾಗುತ್ತಲ್ಲ ಅಣ್ಣ, ಪಾಪ! ಕೆಳಗೆ ಬರೀ ಏನೋ ಅಕ್ಷರ ಇತ್ತು."

ವಸಂತಿ ಕೆಮ್ಮಿದರು. ಅದು ಕೆಮ್ಮಲ್ಲ, ಎಚ್ಚರಿಕೆ. ರಾಯರು ಏಳಹೋದರು. ಹೆಗಲಿನಿಂದ ಚೀಲ ಜಾರಿತು, ಡಬ್ಬಿ ಉರುಳಿಕೊಂಡು ಶ್ರೀವಾಣಿಯ ಕಾಲಬಳಿ ಹೋಗಿ ನಿಂತಿತು.

"ಅಯ್ಯೋ, ಇನ್ನೊಂದು ತಂದ್ರಾ! ಸರ ಗಿಡ್ಡ ಆಯ್ತು ಅಂತ ಈಗಷ್ಟೇ ಇವರ ಹತ್ರ ಗೊಣಗ್ತಿದ್ದೆ! ಬಾಲ್ಕನಿ ಗೀಲ್ಕನಿ ಅಂತ ಸುಮ್ಮನೆ ನಾಟಕ ಆಡ್ತೀರಲ್ಲ ಅಣ್ಣ!"

"ಅವರಿಗೆ ಚಿನ್ನು ಅಂದರೆ ಜೀವ," ಎಂದರು ವಸಂತಿ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ. "ಮನೆಯಲ್ಲಿ ಇನ್ನೂ ರಾಶಿ ಉಂಟು. ಸಾಲದಿದ್ದರೆ ಹೇಳು."

ಹೊಸ ಡಬ್ಬಿಯ ನಾಣ್ಯಗಳಿಗೂ ತೂತು ಹಾಕಿಸಲು ರಮಾಕಾಂತ ಭಾವನ ಕೈಹಿಡಿದು ಮೂಲೆಯ ಹಾರ್ಡ್‌ವೇರ್ ಅಂಗಡಿಗೆ ಎಳೆದುಕೊಂಡು ಹೋದ. ಅಂಗಡಿಯವನು ಡ್ರಿಲ್ ಮಷೀನ್ ಕೈಗೆತ್ತಿಕೊಂಡು, ನಾಣ್ಯವನ್ನು ಮರದ ತುಂಡಿನ ಮೇಲಿಟ್ಟು, ರಾಯರ ಬೆರಳುಗಳನ್ನೇ ಅದರ ಮೇಲೆ ಒತ್ತಿಸಿದ.

"ಠೀಕ್ ಸೇ ಪಕಡೋ ಸೇಠ್. ಸಿಕ್ಕಾ ಹಿಲ್ ರಹಾ ಹೈ."

ಭುಜಂಗರಾಯರು ಇನ್ನಷ್ಟು ಗಟ್ಟಿಯಾಗಿ ಹಿಡಿದರು. ಅಲುಗಾಡುತ್ತಿದ್ದದ್ದು ನಾಣ್ಯವಲ್ಲ.