ನಾಲ್ಕು ಊರಿನ ನಾಲ್ಕು ನಟ್ಟು

ಈಚೆಗೆ ನಾನು ಯಾವ ಆಸನದ ಮೇಲೂ ಅದರ ಅಡಿ ನೋಡದೆ ಕೂರುವುದಿಲ್ಲ. ಮದುವೆ ಮನೆಯ ಕಬ್ಬಿಣದ ಕುರ್ಚಿಯಿರಲಿ, ಕ್ಷೌರದಂಗಡಿಯ ತಿರುಗುವ ಕುರ್ಚಿಯಿರಲಿ, ಮೊದಲು ಬಗ್ಗಿ ಇಣುಕುತ್ತೇನೆ, ಬೆರಳು ಹಾಕಿ ನಟ್ಟುಗಳನ್ನು ಅಲ್ಲಾಡಿಸುತ್ತೇನೆ, ಆಮೇಲೆ ಅರ್ಧ ಕೂರುತ್ತೇನೆ. ಮೊನ್ನೆ ಹೊನ್ನಾಳಿಯಲ್ಲಿ ಬಸ್ಸು ಹತ್ತಿದವನು ಹೀಗೆ ಸೀಟಿನಡಿ ತಲೆ ತೂರಿಸಿದ್ದನ್ನು ಕಂಡು ಕಂಡಕ್ಟರ್, "ಏನ್ ಕಳ್ಕಂಡ್ರಿ ಸಾರ್?" ಎಂದ. "ಧೈರ್ಯ" ಎನ್ನೋಣವೆನಿಸಿತು. "ಪೆನ್ನು" ಎಂದೆ. ಪಾಪ, ಅವನೂ ಹಿಂದಿನ ಸೀಟಿನವರೂ ಸೇರಿ ಮುಂದಿನ ಸ್ಟಾಪಿನವರೆಗೆ ನನ್ನ ಪೆನ್ನು ಹುಡುಕಿದರು. ಅದು ನನ್ನ ಜೇಬಿನಲ್ಲೇ ಇತ್ತು.

ನಾನು ಹೊನ್ನಾಳಿಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನು. ಹೊರಗಿನ ಬಲ ಬೀಳುವ ತನಕ ನಿಂತ ವಸ್ತು ನಿಂತೇ ಇರುತ್ತದೆ, ಇದಕ್ಕೆ ಜಡತ್ವ ಎಂದು ಹೆಸರು ಎಂದು ಹತ್ತೊಂಬತ್ತು ವರ್ಷದಿಂದ ಮಕ್ಕಳಿಗೆ ಹೇಳುತ್ತಾ ಬಂದಿದ್ದೇನೆ. ಕಾರು ಮುಂದೆ ಹೋಗಿ ನಾನು ಹಿಂದೆಯೇ ಉಳಿದ ದಿನದಿಂದ ಆ ಪಾಠ ಮಾಡುವಾಗ ಮೇಜು ಹಿಡಿದುಕೊಳ್ಳುತ್ತೇನೆ.

ಆ ಕಾರು ಕಟ್ಟಿದವನು ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ, ಕೊಟ್ರೇಶಿ. ಚನ್ನಗಿರಿಯಲ್ಲಿ ಅವನದೊಂದು ವೆಲ್ಡಿಂಗ್ ಶೆಡ್ಡು. ಗೇಟು, ಶಟರು, ಟ್ರ್ಯಾಕ್ಟರಿನ ಟ್ರೈಲರು ಮಾಡಿಕೊಂಡು ನೆಮ್ಮದಿಯಾಗಿದ್ದವನ ಕಣ್ಣಿಗೆ ಒಂದು ದಿನ ಗೋಡೆಯ ಹಳೆಯ ಕ್ಯಾಲೆಂಡರಿನಲ್ಲಿ ರಾಜರ ಕಾಲದ ಕಾರಿನ ಚಿತ್ರ ಬಿತ್ತು. "ಅಣ್ಣಾರೆ, ಇಂಥದ್ದು ಒಂದು ಕಟ್ಟಿದ್ರೆ ಸುತ್ತ ನಾಕು ತಾಲೂಕಿನ ಮದುಮಕ್ಕಳು ಇದರಾಗೇ ಮೆರವಣಿಗಿ ಹೋಗ್ತಾರೆ" ಎಂದ. ಕಾರ್ಖಾನೆಯವರು ಇಂಥವನ್ನು ಯಂತ್ರಗಳಿಂದ ಮಾಡುತ್ತಾರೆ ಎಂದೆ. "ಯಂತ್ರ ಮಾಡಿದೋನು ಕೈಯಿಂದಲೇ ಅಲ್ವಾ ಮಾಡಿದ್ದು?" ಎಂದ.

ಗುಜರಿಯಿಂದ ಒಂದು ಹಳೆಯ ಜೀಪಿನ ಚಾಸಿ ಬಂತು. ಚಾಸಿ ಎಂದರೆ ಚಕ್ರ, ಇಂಜಿನ್ನು ಬಿಟ್ಟರೆ ಮೈಮೇಲೆ ಬಟ್ಟೆಯಿಲ್ಲದ ಕಬ್ಬಿಣದ ಏಣಿ. ಅದಕ್ಕೆ ಬಟ್ಟೆ ತೊಡಿಸುವ ಕೆಲಸ ಹದಿನಾಲ್ಕು ತಿಂಗಳು ನಡೆಯಿತು. ಶೆಡ್ಡಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಕಾರನ್ನು ಅದರ ಪೂರ್ತಿ ಅಳತೆಗೆ ಬರೆದುಕೊಂಡ. ಕ್ಯಾಲೆಂಡರಿನಲ್ಲಿ ಎಡಪಕ್ಕ ಮಾತ್ರ ಕಾಣುತ್ತಿದ್ದುದರಿಂದ ಬಲಪಕ್ಕ ಪೂರ್ತಿ ನಂಬಿಕೆಯ ಮೇಲೆ ಕಟ್ಟಿದ್ದು. ಕಬ್ಬಿಣದ ಸರಳು ಬಗ್ಗಿಸಿ ಅಸ್ಥಿಪಂಜರ ಮಾಡಿದ. ತಗಡನ್ನು ಮರಳಿನ ಚೀಲದ ಮೇಲಿಟ್ಟು ಮರದ ಕೊಡತಿಯಿಂದ ಬಡಿದು ಬಡಿದು ನಾಲ್ಕು ಮಡ್‌ಗಾರ್ಡು ಎಬ್ಬಿಸಿದ. ಅವು ನಿಜಕ್ಕೂ ಚೆಂದ ಬಂದವು. ಬಾತುಕೋಳಿಯ ಬೆನ್ನಿನ ಹಾಗೆ ಎಲ್ಲೂ ಒಂದು ಕುಳಿಯಿಲ್ಲ. ಹೆಡ್‌ಲೈಟಿಗೆ ಸ್ಟೀಲ್ ಬೋಗುಣಿ. ಮುಂದಿನ ಜಾಲರಿ ಮಾತ್ರ, ಗೇಟು ಮಾಡಿ ಪಳಗಿದ ಕೈಯಾದ್ದರಿಂದ, ಚನ್ನಗಿರಿಯ ಅರ್ಧ ಮನೆಗಳ ಕಿಟಕಿಯಂತೆಯೇ ಬಂತು. ಯಾರದೋ ಮನೆಯೊಂದು ಎದ್ದು ರಸ್ತೆಗೆ ಬಂದ ಹಾಗೆ ಕಾಣುತ್ತಿತ್ತು. ಆ ಹದಿನಾಲ್ಕು ತಿಂಗಳು ಅವನು ಗೇಟಿನ ಕೆಲಸವನ್ನೆಲ್ಲ ಬೇರೆಯವರಿಗೆ ಬಿಟ್ಟುಕೊಟ್ಟಿದ್ದ. "ಮೊದಲ್ನೇ ಮದುವಿ ಚೆನ್ನಾಗಿ ಆತಾ, ಗಾಡಿ ಉಳೀತು. ಇಲ್ಲಾ, ಗ್ಯಾಸ್ ಹಾಕಿ ಕೊಯ್ದು ಕುರಿ ಸಾಗಿಸೋ ಟ್ರೈಲರ್ ಮಾಡ್ತೀನಿ, ಆಮ್ಯಾಲೆ ಇಂಥ ಹುಚ್ಚು ಮಾಡಂಗಿಲ್ಲ" ಎಂದು ಹೇಳಿಬಿಟ್ಟಿದ್ದ. ಅವನು ಹೇಳಿದ್ದನ್ನು ಮಾಡುವ ಜಾತಿಯವನು. ಅದೇ ನಮಗೆಲ್ಲ ಭಯ.

ಕಾರಿನಲ್ಲಿ ಎರಡು ಭಾಗ. ಡ್ರೈವರ್ ಕೂರುವ ಮುಂಭಾಗವನ್ನು ಚಾಸಿಗೇ ಬೆಸೆದಿದ್ದ. ಮದುಮಗ ಕೂರುವ ಹಿಂಭಾಗ ಪ್ರತ್ಯೇಕ. ಕೆಂಪು ಮಖಮಲ್ಲಿನ ಸೀಟು, ಎರಡು ಪುಟ್ಟ ಬಾಗಿಲು, ಬೆನ್ನಿಗೊಂದು ಸ್ಟೆಪ್ನಿ ಚಕ್ರ. ಇದಕ್ಕೆ ಕೊಟ್ರೇಶಿ ಪಲ್ಲಕ್ಕಿ ಎಂದು ಹೆಸರಿಟ್ಟಿದ್ದ. ಬಣ್ಣ ಹೊಡೆಯಲು ಇಳಿಸಬೇಕಾಗುತ್ತದೆಂದು ಅದನ್ನು ನಾಲ್ಕು ಮೂಲೆಗೆ ನಾಲ್ಕು ಬೋಲ್ಟು, ನಾಲ್ಕು ನಟ್ಟು ಹಾಕಿ ಚಾಸಿಗೆ ಕೂರಿಸುವಂತೆ ಮಾಡಿದ್ದ. ಬುದ್ಧಿವಂತ ಕೆಲಸವೇ. ಅದರಲ್ಲಿ ನೆಂಟರು ಕೈ ಹಾಕುವ ತನಕ.

ಕೈ ಹಾಕಿಸಿದವರು ನ್ಯಾಮತಿಯ ನಮ್ಮ ಮಾವ. ಅವರದು ಅಡಿಕೆ ವ್ಯಾಪಾರ. ಮಾತಿಗೆ ಎದುರು ಮಾತು ಕೇಳಿ ಅಭ್ಯಾಸವಿಲ್ಲ. "ಮನೆ ಬಾಗಿಲು ನಿಲ್ಲಿಸುವಾಗ ಬೀಗರು ನೆಂಟರು ಕೈ ಮುಟ್ಟಿಸ್ತೀವಿ. ಇದಕ್ಕೂ ನಾಕು ಊರಿನ ಕೈ ಬೀಳ್ಲಿ. ಒಬ್ಬೊಬ್ಬರು ಒಂದೊಂದು ನಟ್ಟು ಬಿಗೀಲಿ" ಎಂದರು. ಕೂಡಲೇ ಹಂಚಿಕೆಯೂ ಆಯಿತು. ಚನ್ನಗಿರಿಯ ನಟ್ಟು ಕೊಟ್ರೇಶಿಗೆ, ನ್ಯಾಮತಿಯದು ಮಾವನಿಗೆ, ಹೊನ್ನಾಳಿಯದು ಹಿರಿಯ ಅಳಿಯನಾದ ನನಗೆ, ಜಗಳೂರಿನದು ತಿಪ್ಪೇಸ್ವಾಮಿಗೆ. ತಿಪ್ಪೇಸ್ವಾಮಿ ಜಗಳೂರು ಕಡೆಯ ಸೊಕ್ಕೆಯವರು, ಶೇಂಗಾ ಬೆಳೆಯುವವರು, ಕುರಿ ಸಾಕುವವರು, ಕೊಟ್ರೇಶಿಗೆ ದೂರದ ಸಂಬಂಧ. ಅವರ ಮಗನ ಮದುವೆಯೇ ಆ ಮೊದಲನೇ ಮದುವೆ.

ಪೂಜೆಯ ಬೆಳಗ್ಗೆ ಚಕ್ರಗಳಡಿ ಲಿಂಬೆಹಣ್ಣು ಇಟ್ಟಾಯಿತು, ಬೂದುಗುಂಬಳ ಒಡೆದಾಯಿತು. ತಿಪ್ಪೇಸ್ವಾಮಿ ಮಾತ್ರ ಇನ್ನೂ ಬಸ್ಸಿನಲ್ಲಿದ್ದರು. ಅವರ ಬೋಲ್ಟಿನ ತೂತಿಗೆ ಒಂದು ಚೆಂಡುಹೂ ಸಿಕ್ಕಿಸಿದೆವು. ಮೊದಲು ಕೊಟ್ರೇಶಿ ಪಾನಾ ಹಿಡಿದು ತನ್ನ ನಟ್ಟನ್ನು ಕಿರ್ ಎನ್ನುವಂತೆ ಬಿಗಿದ. ಆಮೇಲೆ ಮಾವ, ಅವರು ನಟ್ಟಿಗೆ ವಿಭೂತಿ ಹಚ್ಚಿ, ಒಂದು ಸುತ್ತು ತಿರುಗಿಸಿ, ಕಣ್ಣಿಗೊತ್ತಿಕೊಂಡು ಎದ್ದರು. ಆಮೇಲೆ ನಾನು. ಅಂದು ನಾನು ಬಿಳಿ ಪಂಚೆ ಉಟ್ಟಿದ್ದೆ. ನಟ್ಟು ಗ್ರೀಸಿನಲ್ಲಿ ಮಿಂದಿತ್ತು. ಒಂದು ಮೊಣಕಾಲೂರಿ, ಎರಡೇ ಬೆರಳಲ್ಲಿ ಕುಂಕುಮ ಮುಟ್ಟುವಷ್ಟು ಮಡಿಯಿಂದ ಎರಡು ಸುತ್ತು ತಿರುಗಿಸಿ, ಮೊಬೈಲಿನ ಕಡೆ ನೋಡಿ ನಕ್ಕೆ. ಫೋಟೋ ಚೆನ್ನಾಗಿ ಬಂದಿದೆ. ಕೊಟ್ರೇಶಿ ಪಾನಾ ಹಿಡಿದು ಪಕ್ಕದಲ್ಲೇ ನಿಂತಿದ್ದ. ಮತ್ತೊಮ್ಮೆ ಬಿಗಿಯಲು ಅವನ ಕೈ ತುಡಿಯುತ್ತಿದ್ದುದು ಆ ಫೋಟೋದಲ್ಲೂ ಕಾಣುತ್ತದೆ. ಆದರೆ ಮಾವ ಬಿಗಿದದ್ದನ್ನು, ಹಿರಿಯ ಷಡ್ಡಕ ಬಿಗಿದದ್ದನ್ನು ಕಿರಿಯ ಅಳಿಯ ಮತ್ತೆ ಬಿಗಿದರೆ ಏನರ್ಥ? ನಿಮಗೆ ಬಿಗಿಯಲು ಬರುವುದಿಲ್ಲ ಎಂದು ನಾಲ್ಕು ಜನರೆದುರು ಹೇಳಿದಂತೆ. ನಮ್ಮ ಕಡೆ ಜೀವಕ್ಕಿಂತ ಇದು ಒಂದು ತೂಕ ಹೆಚ್ಚು. ಅವನು ಪಾನಾ ಕೆಳಗಿಟ್ಟ.

ಅಷ್ಟರಲ್ಲಿ ತಿಪ್ಪೇಸ್ವಾಮಿಯ ಫೋನು. ಅವರು ಸೂಳೆಕೆರೆಯ ಹತ್ತಿರ ಬಸ್ಸು ಇಳಿದುಬಿಟ್ಟಿದ್ದರಂತೆ. "ಇಷ್ಟು ನೀರು ಬಿಟ್ಟು ಹೆಂಗೆ ಬರಾಕೆ ಆಗುತ್ತೆ ಹೇಳ್ರಿ? ಕಣ್ತುಂಬ ನೋಡ್ತಾ ಏರಿ ಮೇಲೆ ನಿಂತೀನಿ. ನಿಮ್ಮ ಕಾರೇ ತಗಂಬರ್ರಿ, ನಮ್ಮುಡುಗ ಕುಂತ್ರೆ ಹೆಂಗೆ ಕಾಣ್ತಾನೆ ನೋಡಾನ" ಎಂದರು. ಎಲ್ಲರಿಗೂ ಉತ್ಸಾಹ ಬಂತು. ಮದುಮಗನ ಬದಲು ಕೂರಲು ಒಬ್ಬರು ಬೇಕಲ್ಲ? "ಮೇಷ್ಟ್ರು ಕುಂತ್ಕಳ್ಲಿ, ತೂಕ ಸರಿಯಾಗೈತೆ" ಎಂದರು ಮಾವ. ನನ್ನ ತಲೆಗೊಂದು ಪೇಟ ಬಂತು. ಪಲ್ಲಕ್ಕಿಯನ್ನು ಒಂದು ಬೋಲ್ಟಿನ ಮೇಲೂ, ಒಂದು ವಿಭೂತಿಯ ಮೇಲೂ, ಒಂದು ಫೋಟೋದ ಮೇಲೂ, ಒಂದು ಚೆಂಡುಹೂವಿನ ಮೇಲೂ ಕೂರಿಸಿ, ಅದರ ಮೇಲೆ ನನ್ನನ್ನು ಕೂರಿಸಿ ಕೊಟ್ರೇಶಿ ಹೊರಟ. ದಾರಿಯುದ್ದಕ್ಕೂ ಜನ ನಿಂತು ನೋಡಿದರು. ನಾನು ಕೈ ಬೀಸಿದೆ. ಹೌದು, ಬೀಸಿದೆ, ನಿಮ್ಮ ತಲೆಗೂ ಯಾರಾದರೂ ಪೇಟ ಕಟ್ಟಿದಾಗ ತಿಳಿಯುತ್ತದೆ.

ಕೆರೆಯ ಏರಿಗೆ ಹತ್ತುವ ದಾರಿ ಕಡಿದು. ಕೊಟ್ರೇಶಿ ಗೇರು ಬದಲಿಸಿ ಒಮ್ಮೆ ಆಕ್ಸಿಲರೇಟರ್ ತುಳಿದ. ಕಾರು ಮೇಲಕ್ಕೆ ಹೋಯಿತು. ನಾನು ಹೋಗಲಿಲ್ಲ. ಕೊಟ್ರೇಶಿಯ ಬೆನ್ನು ಸಾವಕಾಶವಾಗಿ ನನ್ನಿಂದ ದೂರವಾಗುತ್ತಿದ್ದುದನ್ನು ಈಗಲೂ ಊಟದ ನಡುವೆ, ಪಾಠದ ನಡುವೆ ಕಾಣುತ್ತೇನೆ. ಮೂರು ಮೂಲೆಗಳು ಬಿಟ್ಟುಕೊಂಡವು, ಒಂದು ಮೂಲೆ ಬಿಡಲಿಲ್ಲ. ಆ ಒಂದರ ಸುತ್ತ ಪಲ್ಲಕ್ಕಿ ಗಿರ್ರನೆ ತಿರುಗಿತು. ಜೀವಮಾನವಿಡೀ ಗೇಟು ಮಾಡಿದವನು ಕೊನೆಗೆ ನನ್ನನ್ನೂ ಗೇಟಿನಂತೆ ತೆರೆದುಬಿಟ್ಟಿದ್ದ. ಗಾಡಿ ಏರಿಯ ಮೇಲೆ ನಿಂತಾಗ ನನ್ನ ಅರ್ಧ ಸೀಟು ನೆಲದ ಮೇಲಿತ್ತು, ಇನ್ನರ್ಧ ಕೆರೆಯ ಮೇಲಿತ್ತು. ಕೆಳಗೆ ಏರಿಯ ಕಲ್ಲುಗಳು, ಅದರ ಕೆಳಗೆ ದಡ ಕಾಣದಷ್ಟು ನೀರು. ನನಗೆ ಈಜು ಬರುವುದಿಲ್ಲ. ವಸ್ತು ಯಾಕೆ ತೇಲುತ್ತದೆ ಎಂಬುದು ಮಾತ್ರ ಚೆನ್ನಾಗಿ ಗೊತ್ತಿದೆ.

ಅಲ್ಲೇ ನಿಂತಿದ್ದ ತಿಪ್ಪೇಸ್ವಾಮಿ ಓಡಿಬಂದು ಸ್ಟೆಪ್ನಿ ಚಕ್ರವನ್ನು, ತಪ್ಪಿಸಿಕೊಂಡ ಟಗರಿನ ಕೊಂಬು ಹಿಡಿದಂತೆ, ಎರಡೂ ಕೈಯಲ್ಲಿ ಹಿಡಿದರು. "ಅಲ್ಲಾಡಬ್ಯಾಡ್ರೀ ಮೇಷ್ಟ್ರೇ! ಉಸಿರೂ ಬಿಡಬ್ಯಾಡ್ರಿ!"

"ಇಳೀಲಾ?" ಎಂದೆ.

"ಯಾವ ಕಡೆ ಇಳೀತೀರಿ? ಆ ಬಾಗ್ಲು ತೆಗದ್ರೆ ಸೀದಾ ಗಂಗಮ್ಮನ ಮನಿ!"

ಕೊಟ್ರೇಶಿ ಮುಂಭಾಗದಿಂದ ಜಿಗಿದು ಬಂದ. "ಅಣ್ಣಾರೆ, ಬೆನ್ನು ಹಿಂದಕ್ಕೆ ಒರಗಿಸಬ್ಯಾಡ್ರಿ, ನನ್ನ ಕಡೆ ವಾಲ್ರಿ, ನಿಧಾನಕ್ಕೆ. ಹಾಂ, ಹಂಗೇ. ಪೇಟ ಬಿಡ್ರೀ, ಪೇಟ ಯಾಕೆ ಹಿಡ್ಕಂಡೀರಿ!" ನಾನು ಎರಡು ಕೈಯಲ್ಲೂ ಪೇಟ ಹಿಡಿದುಕೊಂಡಿದ್ದೆ. ಜೀವ ಹೋಗುವ ಗಳಿಗೆಯಲ್ಲಿ ಮನುಷ್ಯ ಯಾವುದನ್ನು ಹಿಡಿಯುತ್ತಾನೆಂದು ಹೇಳಲು ಬರುವುದಿಲ್ಲ. ಅವನು ನನ್ನ ಶರ್ಟಿನ ಕಾಲರ್ ಹಿಡಿದು ಸೀಟಿನ ಮೇಲಿಂದ ಅಡ್ಡಡ್ಡ ಎಳೆದುಕೊಂಡ. ಪೇಟ ಒಂದೇ ಕೆರೆಗೆ ಬಿತ್ತು. ಅದು ತೇಲಿತು.

ಸಂಜೆಗೆ ಎಲ್ಲರೂ ಶೆಡ್ಡಿನಲ್ಲಿ ಸೇರಿದ್ದೆವು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಚಹಾ ಬಂತು. ಕೊಟ್ರೇಶಿ ಗ್ಯಾಸಿನ ಸಿಲಿಂಡರಿನ ಪಕ್ಕ ನಿಂತು ಅದರ ಪೈಪನ್ನು ಸುಮ್ಮನೆ ಸುತ್ತುತ್ತಿದ್ದ, ಬಿಚ್ಚುತ್ತಿದ್ದ. ಮಾವ, "ತಗಡು ತೆಳ್ಳಗಾತು ಅಂತ ನಾನು ಮೊದ್ಲೇ ಅಂದಿದ್ದೆ" ಎಂದರು. ಅವರು ಅಂದಿರಲಿಲ್ಲ. ತಗಡಿಗೂ ಇದಕ್ಕೂ ಸಂಬಂಧವೂ ಇರಲಿಲ್ಲ. ತಿಪ್ಪೇಸ್ವಾಮಿ ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದರು. "ಮೇಷ್ಟ್ರೇ, ನೀವು ಓದಿದೋರು. ನಿಜ ಹೇಳ್ರಿ. ಈ ಹುಡುಗ ಗಾಡಿ ಕಟ್ಟಿದ್ದು ಸರಿ ಐತೋ ಇಲ್ಲೋ? ನನ್ನ ಮಗನ್ನ ಕುಂದ್ರಸಾಕೆ ಕೇಳ್ತಿದೀನಿ."

ನಿಜ ನನಗೆ ಗೊತ್ತಿತ್ತು. ಹಿಡಿದು ನಿಂತದ್ದು ಒಂದೇ ನಟ್ಟು, ಕೊಟ್ರೇಶಿ ಬಿಗಿದದ್ದು. ನನ್ನ ಭಾರವನ್ನೂ ಪಲ್ಲಕ್ಕಿಯ ಭಾರವನ್ನೂ ಅದೊಂದೇ ಹೊತ್ತಿತ್ತು. ಅದರ ಸುತ್ತಿನ ಬೆಸುಗೆಯಲ್ಲಿ ಒಂದು ಬಿರುಕೂ ಇರಲಿಲ್ಲ. ಬಿದ್ದುಹೋದ ನಟ್ಟುಗಳಲ್ಲಿ ಒಂದು ನನ್ನದು. ಇದನ್ನು ಹೇಳಲು ಅರ್ಧ ನಿಮಿಷ ಸಾಕು. ನಾನು ಒಂದು ಲೋಟ ಚಹಾ ಪೂರ್ತಿ ಕುಡಿದೆ, ಇನ್ನೊಂದು ಕೇಳಿದೆ, ಅದನ್ನೂ ಕುಡಿದೆ. ಅಷ್ಟರಲ್ಲಿ ಕೊಟ್ರೇಶಿ ಪೈಪು ಸುತ್ತುವುದನ್ನು ನಿಲ್ಲಿಸಿ ಬೆಂಕಿಪೊಟ್ಟಣಕ್ಕೆ ಕೈ ಹಾಕಿದ. ಅದನ್ನು ನೋಡಲಾಗಲಿಲ್ಲ. "ಗಾಡಿ ಸರಿ ಇದೆ. ತಪ್ಪು ನನ್ನದು. ಪಂಚೆ ಕೊಳೆಯಾಗುತ್ತದೆ ಅಂತ ನಟ್ಟನ್ನು ಬರೀ ಎರಡು ಬೆರಳಲ್ಲಿ ತಿರುಗಿಸಿ ಬಿಟ್ಟೆ" ಎಂದೆ.

ಬೈಗುಳಕ್ಕೆ ಕುತ್ತಿಗೆ ಒಡ್ಡಿ ಕೂತೆ. ಮಾವ ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. "ನೋಡ್ರಪಾ ನಮ್ಮ ದೊಡ್ಡ ಅಳಿಯನ್ನ! ಷಡ್ಡಕನ ಮಾನ ಉಳಿಸಾಕೆ ತಪ್ಪನ್ನೆಲ್ಲಾ ತನ್ನ ಮೈಮ್ಯಾಲೆ ಹಾಕ್ಕಂತಾನೆ!"

"ಅಲ್ಲ ಮಾವ, ನಿಜವಾಗಿಯೂ..."

"ಸಾಕು ಬಿಡ್ರಿ. ಕಾಲೇಜಿನಾಗೆ ಪಾಠ ಹೇಳೋರು ನಟ್ಟು ಬಿಗಿಯಾಕೆ ಬರಲ್ಲಾಂದ್ರೆ ಯಾರು ನಂಬ್ತಾರೆ?"

ಯಾರೂ ನಂಬಲಿಲ್ಲ. ತಿಪ್ಪೇಸ್ವಾಮಿಯ ಕಣ್ಣು ಒದ್ದೆಯಾಗಿತ್ತು. "ಇಂಥ ದೊಡ್ಡ ಮನಸ್ಸಿನೋರು ಇರೋ ಮನಿ ಗಾಡಿ ನಾನು ಬಿಡಲ್ಲ. ಮದುವಿಗೆ ಇದೇ ಬರಬೇಕು. ಆದ್ರೆ ಒಂದು, ನನ್ನ ಮಗನ ಪಕ್ಕ ಮೇಷ್ಟ್ರೇ ಕುಂದ್ರಬೇಕು" ಎಂದರು. ನಾನು ಬೇಡವೆಂದಷ್ಟೂ ನನ್ನ ವಿನಯ ಬೆಳೆಯುತ್ತಾ ಹೋಯಿತು. ನನ್ನ ತಪ್ಪೊಪ್ಪಿಗೆಯನ್ನು ನಂಬಿದವರು ಇಬ್ಬರೇ. ಒಬ್ಬಳು ಚಹಾ ತಂದಿದ್ದ ನನ್ನ ಹೆಂಡತಿ. "ಮನೇಲಿ ಸಿಲಿಂಡರ್ ರೆಗ್ಯುಲೇಟರ್ ಹಾಕೋದೂ ನಾನೇ ಅಲ್ವಾ" ಎಂದಷ್ಟೇ ಅಂದು ಲೋಟ ತೆಗೆದುಕೊಂಡು ಒಳಗೆ ಹೋದಳು. ಇನ್ನೊಬ್ಬ ಕೊಟ್ರೇಶಿ. ಅವನು ನನ್ನ ಬೆರಳುಗಳನ್ನು ಒಮ್ಮೆ ನೋಡಿ ಬೆಂಕಿಪೊಟ್ಟಣ ಜೇಬಿಗೆ ಹಾಕಿಕೊಂಡ. ಮರುದಿನ ಎಲ್ಲರನ್ನೂ ಶೆಡ್ಡಿನಿಂದ ಹೊರಗೆ ಕಳಿಸಿ ಶಟರ್ ಎಳೆದುಕೊಂಡು ಎಂಟು ಬೋಲ್ಟು ಹಾಕಿ ಒಬ್ಬನೇ ಬಿಗಿದ. ನಟ್ಟುಗಳ ಮೇಲೆ ಬೆಸುಗೆಯ ಚುಕ್ಕೆಯನ್ನೂ ಇಟ್ಟ. ಮರ್ಯಾದೆ ತೂರಿಕೊಳ್ಳಲು ಒಂದು ತೂತನ್ನೂ ಬಿಡಲಿಲ್ಲ.

ಸೊಕ್ಕೆಯ ಮದುವೆ ಸಾಂಗವಾಗಿ ಆಯಿತು. ಆಮೇಲೆ ಕೊಟ್ರೇಶಿಗೆ ಮದುವೆಗಳು ಒಂದರ ಹಿಂದೊಂದು ಬಂದವು. ಕ್ಯಾಲೆಂಡರಿನ ಇನ್ನೊಂದು ತಿಂಗಳ ಕಾರಿನ ಮೇಲೂ ಕಣ್ಣಿಟ್ಟಿದ್ದಾನೆ. ಸೊಕ್ಕೆಯಲ್ಲಿ ಆ ದಿನ ಮೆರವಣಿಗೆ ಮುಗಿದು ಗಾಡಿ ಮಂಟಪದ ಎದುರು ನಿಂತಾಗ ತಿಪ್ಪೇಸ್ವಾಮಿ ಮೈಕು ಹಿಡಿದು, ಪ್ರಾಣ ಪಣಕ್ಕಿಟ್ಟು ಈ ಗಾಡಿಯನ್ನು ಪರೀಕ್ಷೆ ಮಾಡಿಕೊಟ್ಟ ಮೇಷ್ಟ್ರು ಎಂದು ನನ್ನನ್ನು ಹೊಗಳಿದರು. ಮದುಮಗ ಆಗಲೇ ಇಳಿದು ಹೋಗಿದ್ದ. ನಾನು ಇನ್ನೂ ಇಳಿದಿರಲಿಲ್ಲ. ಹಾಗಾಗಿ ಕೂತಲ್ಲಿಗೇ ಶಾಲು ಬಂತು. ಹೊದಿಸುವಾಗ ನಾನು ಎದ್ದು ಕೈ ಮುಗಿಯಬೇಕಿತ್ತು. ಮುಗಿಯಲಿಲ್ಲ, ಎರಡೂ ಕೈಗಳು ಸೀಟಿನ ಅಡಿಯ ಕಂಬಿಯನ್ನು ಹಿಡಿದಿದ್ದವು, ಬಿಡಲು ಒಪ್ಪಲಿಲ್ಲ. "ಮನಸ್ಸು ದೊಡ್ಡದೇ, ಆದ್ರೆ ಓದಿದೋರಿಗೆ ಸ್ವಲ್ಪ ಬಿಂಕ ಇರ್ತದೆ ನೋಡು" ಎಂದು ಯಾರೋ ಹೆಂಗಸು ಪಕ್ಕದವಳಿಗೆ ಹೇಳಿದ್ದು ಕೇಳಿಸಿತು. ನನ್ನ ಬಗ್ಗೆ ಆ ಊರಿನಲ್ಲಿ ಹುಟ್ಟಿದ ಎರಡು ಸುಳ್ಳುಗಳಲ್ಲಿ ಬಿಂಕದ್ದೇ ಸಣ್ಣದು ಎಂದುಕೊಂಡು ಕಂಬಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ.