ಹೆಂಡತಿ ಬಿಟ್ಟುಹೋದ ಬಾಟಲಿ

"ಹೆಂಡತಿ ಊರಲ್ಲಿಲ್ಲ ಅಂತ ಗೋಳಾಡೋ ಗಂಡಸು ನಾನಲ್ಲ!" ಎಂದು ದರ್ಜಿರಾಯರು ಅಂಗಡಿಗೆ ಬಂದವರಿಗೆಲ್ಲ ಸಾರುತ್ತಿದ್ದರು. ಅಳತೆ ಕೊಡಲು ಬಂದವರು ಕೈ ಎತ್ತಿ ನಿಂತಿರುವಾಗ, ಎದೆಗೆ ಟೇಪು ಸುತ್ತುತ್ತಲೇ ಈ ಭಾಷಣ. ಪಾಪ, ತಪ್ಪಿಸಿಕೊಂಡು ಓಡುವುದಾದರೂ ಹೇಗೆ! ಅಂಥದೊಂದು ಭಾಷಣದ ದಿನ ಹೊಲಿದ ಷರಟಿಗೆ ಎರಡೂ ಎಡಗೈ ತೋಳುಗಳೇ ಬಿದ್ದಿದ್ದವು.

ಅವರ ಹೆಂಡತಿಗೆ ಬಿಯರ್ ಕಾರ್ಖಾನೆಯಲ್ಲಿ ಕೆಲಸ. ಬಿಯರ್ ತಯಾರಿಸುವುದರಲ್ಲಿ ಎತ್ತಿದ ಕೈ. ಆಕೆಯ ಮುದ್ದಿನ ಕೂಸು ಒಂದು ಕಪ್ಪು ಬಿಯರ್. ಬಾರ್ಲಿಯನ್ನು ಕರ್ರಗಾಗುವಂತೆ ಹುರಿದು, ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟು ಹಳತು ಮಾಡಿದ್ದು. ಒಂದು ಗುಟುಕಿಗೇ ಕಿವಿ ಬಿಸಿಯಾಗಬೇಕು, ಅಷ್ಟು ಖಡಕ್ಕು! ಕುಡಿದವರಲ್ಲಿ ಎರಡೇ ಪಕ್ಷ, ಮಧ್ಯದವರು ಯಾರೂ ಇಲ್ಲ. ಹೆಂಡತಿಗೆ ಅದು ಅಮೃತ. ಜೊತೆಯಲ್ಲೇ ಇದ್ದ ಅತ್ತೆ ಮಾತ್ರ, "ತಳ ಹಿಡಿದ ಪಾತ್ರೆ ತೊಳೆದ ನೀರು ಕಣೇ ಇದು!" ಎಂದು ಮಗಳ ಮುಖಕ್ಕೇ ಹೇಳಿದ್ದರು. ನಮ್ಮ ದರ್ಜಿರಾಯರು ಮಾತಿನಲ್ಲಿ ಆಡಳಿತ ಪಕ್ಷ, ನಾಲಗೆಯಲ್ಲಿ ವಿರೋಧ ಪಕ್ಷ.

ಹೆಂಡತಿಯನ್ನು ಕಂಪನಿಯವರು ತಮ್ಮ ದೂರದ ಊರಿನ ಕಾರ್ಖಾನೆಗೆ ಕಳಿಸಿ ವರ್ಷವಾಗುತ್ತ ಬಂದಿತ್ತು. ಹೋಗುವಾಗ ಒಂದೇ ಒಂದು ಬಾಟಲಿಯನ್ನು ಮೆಟ್ಟಿಲ ಕೆಳಗಿನ ತಂಪು ಗೂಡಿನಲ್ಲಿಟ್ಟು, "ರೀ, ಇದನ್ನ ಮುಟ್ಟಬೇಡಿ. ಇನ್ನೂ ಹಳೇದಾಗಬೇಕು" ಅಂದಿದ್ದಳು.

"ಮುಟ್ಟೋದಾ? ನಾನಾ?" ಎಂದು ರಾಯರು ನಕ್ಕಿದ್ದರು. ಆ ನಗು ಮಾತ್ರ ನಿಜವಾದದ್ದು.

ಆದರೆ ಮೂಗು ಎಂಬುದೊಂದಿದೆಯಲ್ಲ! ಊರಲ್ಲಿದ್ದಾಗ ಕೆಲಸ ಮುಗಿಸಿ ಬಂದರೆ ಅವಳ ಕೂದಲಲ್ಲಿ, ಬಟ್ಟೆಯಲ್ಲಿ ಹುರಿದ ಬಾರ್ಲಿಯ ವಾಸನೆ. "ಮೊದಲು ಸ್ನಾನ ಮಾಡು ಮಾರಾಯ್ತಿ" ಎಂದು ಇವರು ಮೂಗು ಮುಚ್ಚಿಕೊಂಡರೆ, "ನೀವೇನು ಕಮ್ಮಿನಾ? ಮೈಯೆಲ್ಲ ಹೊಲಿಗೆ ಮೆಷಿನ್ನಿನ ಎಣ್ಣೆ!" ಎಂದು ಅವಳ ಉತ್ತರ. ಈಗ ಅದೇ ವಾಸನೆಗೆ ಜೀವ ಬಾಯಿ ಬಿಡುತ್ತಿತ್ತು. ಅವಳ ದಿಂಬಿನಲ್ಲಿ ಉಳಿದಿದ್ದ ಚೂರುಪಾರನ್ನೂ ಅತ್ತೆ ಒಗೆದು ಒಣಗಿಸಿಬಿಟ್ಟಿದ್ದರು.

ಒಂದು ಭಾನುವಾರ ಮಧ್ಯಾಹ್ನ ಮನೆ ಬಿಕೋ ಎನ್ನುತ್ತಿತ್ತು. ರಾಯರಿಗೆ ತಡೆಯಲಾಗಲಿಲ್ಲ. "ಕುಡಿಯೋದಿಲ್ಲ, ಬರೀ ಮೂಸ್ತೀನಿ!" ಎಂದು ಘೋರ ಪ್ರತಿಜ್ಞೆ ಮಾಡಿ, ಮೇಣ ಕೆರೆದು, ಬಿರಡೆ ಕಿತ್ತು, ಒಂದು ಲೋಟ ಸುರಿದು, ಅವಳು ಕೂರುವ ಕುರ್ಚಿಯ ಮುಂದಿಟ್ಟು ತಾವು ಎದುರಿಗೆ ಕೂತರು.

ಅಷ್ಟರಲ್ಲಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಅತ್ತೆ ಒದ್ದೆ ಕೈಯಲ್ಲೇ ಓಡಿಬಂದರು. "ಬಂದ್ಲಾ? ನನ್ನ ಮಗಳು ಬಂದ್ಲಾ?"

ಕುರ್ಚಿ ಖಾಲಿ.

"ಇಲ್ಲ ಅತ್ತೆ. ಬರೀ ವಾಸನೆ."

ಇನ್ನೇನು ಬೈಗುಳ ಶುರುವಾಗುತ್ತದೆ ಎಂದು ರಾಯರು ತಲೆ ತಗ್ಗಿಸಿದರು. ಅತ್ತೆ ಇನ್ನೊಂದು ಕುರ್ಚಿ ಎಳೆದುಕೊಂಡರು. "ಲೋಟ ಸ್ವಲ್ಪ ಈ ಕಡೆ ಸರಿಸಿ ಅಳಿಯಂದ್ರೇ."

ಇಬ್ಬರೂ ಸರದಿಯಂತೆ ಮೂಸಿದರು. ಮೂಸಿದ ಮೇಲೆ ನಾಲಗೆ ಸುಮ್ಮನಿರುತ್ತದೆಯೇ? "ಥೂ, ಅದೇ ದರಿದ್ರ ರುಚಿ!" ಎಂದು ಅತ್ತೆ ಕಣ್ಣೊರೆಸಿಕೊಂಡರು. "ಹೌದು ಅತ್ತೆ, ಒಂಚೂರೂ ಬದಲಾಗಿಲ್ಲ!" ಎಂದು ಅಳಿಯ ಮುಖ ಕಿವುಚಿದರು. ಹೀಗೆ ಬೈದುಕೊಳ್ಳುತ್ತ, ಅವಳ ಮಾತಾಡಿಕೊಳ್ಳುತ್ತ, ಸಂಜೆಯ ಹೊತ್ತಿಗೆ ಬಾಟಲಿ ಬರಿದಾಗಿತ್ತು.

ಆಗ ಫೋನು ಬಂತು.

"ರೀ, ನಮ್ಮ ಕಾರ್ಖಾನೆ ಯಜಮಾನರು, ಮ್ಯಾನೇಜರು ನಾಡಿದ್ದು ನಮ್ಮನೆಗೇ ಬರ್ತಿದ್ದಾರೆ, ನಾನೂ ಜೊತೆಗೆ! ಆ ಬಾಟಲಿ ರುಚಿ ನೋಡ್ತಾರಂತೆ. ಹಿಡಿಸಿದ್ರೆ ನನ್ನನ್ನ ನಮ್ಮೂರಿಗೇ ವಾಪಸ್ ಹಾಕ್ತಾರೆ. ಹಿಡಿಸ್ಲಿಲ್ವೋ, ಇಲ್ಲೇ ಕಾಯಂ. ಬಾಟಲಿ ಜೋಪಾನ ತಾನೆ?"

"ಜೋ... ಜೋಪಾನ!" ಅಂದರು ರಾಯರು. ಹೊಟ್ಟೆಯಲ್ಲಿ ಜೋಪಾನವಾಗಿಯೇ ಇತ್ತು. ಅವಳ ದನಿಯಲ್ಲಿದ್ದ ಖುಷಿ ಕೇಳಿದ ಮೇಲೆ ನಿಜ ಹೇಳಲು ಬಾಯಿ ಬರಲಿಲ್ಲ.

"ಈಗೇನ್ರೀ ಗತಿ?" ಎಂದು ಅತ್ತೆ ತಲೆಯ ಮೇಲೆ ಕೈ ಹೊತ್ತರು.

"ಅತ್ತೆ, ಇಲಿ ಕಡಿದ ಕೋಟನ್ನ ಮದುವೆಗೆ ಹಾಕ್ಕೊಂಡು ಹೋಗೋ ಹಾಗೆ ಮಾಡಿಕೊಟ್ಟವನು ನಾನು. ಇದೂ ಒಂದು ಆಲ್ಟರೇಷನ್ನು!"

ಅಂಗಡಿಯಿಂದ ಸಾಧಾರಣ ಬಿಯರ್ ಬಂತು. ಅದಕ್ಕೆ ಬ್ರೆಡ್ಡು ಸುಟ್ಟು ನೆನೆಸಿದ ನೀರು, ಗಟ್ಟಿ ಕಾಫಿ, ಕಪ್ಪಾಗುವಂತೆ ಕಾಯಿಸಿದ ಸಕ್ಕರೆ. "ಕಹಿ ಸಾಲದು" ಎಂದು ಅತ್ತೆ ತಮ್ಮ ಕೆಮ್ಮಿನ ಔಷಧಿ ಬಗ್ಗಿಸಿದರು. ಪೀಪಾಯಿಯ ಮರದ ಪರಿಮಳ ಬೇಕಲ್ಲ? ರಾಯರು ತಮ್ಮ ಹಳೆಯ ಮರದ ಸ್ಕೇಲನ್ನೇ ರಾತ್ರಿಯಿಡೀ ಅದ್ದಿಟ್ಟರು. ಬಿರಡೆ ಒತ್ತಿ, ಮೇಣ ಸುರಿದು, ಬಾಟಲಿಯನ್ನು ಗೂಡಿಗೆ ಸೇರಿಸಿದ್ದಾಯಿತು.

ಅತಿಥಿಗಳು ಬಂದರು. ಯಜಮಾನರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. "ಆಹಾ! ಏನು ಗತ್ತು! ಹಳೇ ಮರದ ಆ ಪರಿಮಳ!"

"ಸಾರ್, ಇದು ಬೂಟ್ ಪಾಲಿಶ್ ಸಾರ್!" ಎಂದು ಮ್ಯಾನೇಜರು ಉಗುಳಲು ಜಾಗ ಹುಡುಕಿದರು.

ಜಗಳ ಹತ್ತಿಕೊಂಡಿತು. ಅಸಲಿ ಬಿಯರ್ ಕುಡಿದಿದ್ದರೂ ಆಗುತ್ತಿದ್ದದ್ದು ಇದೇ ಜಗಳ! ಗೆದ್ದೆವು ಎಂದು ಅಳಿಯ ಅತ್ತೆಗೆ ಕಣ್ಣು ಹೊಡೆಯುವಷ್ಟರಲ್ಲಿ ಹೆಂಡತಿ ತನ್ನ ಲೋಟ ಎತ್ತಿದಳು. ಒಂದು ಗುಟುಕು. ಇನ್ನೊಂದು. ಆಮೇಲೆ ಗಂಡನನ್ನು ನೋಡಿದಳು. ರಾಯರು ನೆಲ ನೋಡಿದರು.

"ಸಾರ್, ಇದು ನಾನು ಮಾಡಿದ್ದಲ್ಲ."

"ತಪ್ಪು ನಂದು ಸಾರ್!" ರಾಯರು ಎದ್ದು ನಿಂತರು. "ಇದು ನಾನು ಕಲಸಿದ್ದು. ಇವಳದ್ದನ್ನ ನಾನೇ ಖಾಲಿ ಮಾಡ್ದೆ. ಇವಳು ಮನೆಗೆ ಬಂದ ಹಾಗೆ ವಾಸನೆ ಬರುತ್ತಲ್ಲ ಅಂತ..."

"ರೀ, ನಿಮಗದು ಸೇರೋದೇ ಇಲ್ವಲ್ಲ!" ಅಂದಳು ಹೆಂಡತಿ.

"ನಿಂಗೆ ಗೊತ್ತಿತ್ತಾ?"

"ಅಮೃತ ಅಂತ ಹೊಗಳುವಾಗಲೆಲ್ಲ ನಿಮ್ಮ ಮೂಗು ಮುದುಡುತ್ತೆ."

ಯಜಮಾನರು ಮೇಜು ಕುಟ್ಟಿ ನಕ್ಕರು. "ಸೇರದವನೂ ಬಾಟಲಿ ಬರಿದು ಮಾಡಿದ ಅಂದ್ಮೇಲೆ ಅದೆಂಥ ಬಿಯರ್ ಇರಬೇಕು! ನೀನು ಇಲ್ಲಿಗೇ ಬಂದು ಅದನ್ನ ಮಾಡಮ್ಮ." ರಾಯರಿಗೆ ಅವರ ಕಾಲಿಗೆ ಬೀಳುವುದೊಂದು ಬಾಕಿ. ಅಷ್ಟರಲ್ಲಿ ಯಜಮಾನರು ಕೈಯಲ್ಲಿದ್ದ ಲೋಟ ಎತ್ತಿ ತೋರಿಸಿದರು. "ಆದ್ರೆ ನನಗೆ ಇದೂ ಬೇಕು! ಅಲ್ಲಿ ಈಕೆಯ ಜಾಗ ಖಾಲಿ ಬಿಡೋಹಾಗಿಲ್ಲ. ದರ್ಜಿಗಳೇ, ಯಾರಾದ್ರೂ ಒಬ್ಬರು ಅಲ್ಲಿರಲೇಬೇಕು. ನೀವಾ, ಈಕೆಯಾ?"

ಈಗ ದರ್ಜಿರಾಯರು ಆ ದೂರದ ಊರಿನಲ್ಲಿ ಬ್ರೆಡ್ಡು ಸುಡುತ್ತ, ದೊಡ್ಡ ಪೀಪಾಯಿಗೆ ಮರದ ಸ್ಕೇಲು ಇಳಿಬಿಡುತ್ತ ದಿನ ದೂಡುತ್ತಿದ್ದಾರೆ. ಹೆಂಡತಿ ಊರಲ್ಲಿಲ್ಲ ಎಂಬ ಭಾಷಣ ಮಾತ್ರ ನಿಂತುಹೋಗಿದೆ. ಮೊನ್ನೆ ಅತ್ತೆ ಫೋನು ಮಾಡಿದ್ದರು.

"ಅಳಿಯಂದ್ರೇ, ಬೇಗ ಬಂದುಬಿಡಿ. ನನ್ನ ಮಗಳು ನಿಮ್ಮ ಹೊಲಿಗೆ ಮೆಷಿನ್ನಿನ ಎಣ್ಣೆ ಡಬ್ಬಿ ಮುಚ್ಚಳ ತೆಗೆದು ಎದುರಿಗಿಟ್ಕೊಂಡು ಕೂತಿದ್ದಾಳೆ. ಅದನ್ನೂ ಎಲ್ಲಿ ಕುಡಿದುಬಿಡ್ತಾಳೋ ಅಂತ ನನಗೆ ಭಯ!"