ಅಳಿಯನ ಕೆಂಪು, ಅತ್ತೆಯ ಬಾವಿ

ಎಂಬತ್ತರ ದಶಕದ ಆರಂಭದಲ್ಲಿ ಒಂದು ಮುಂಜಾನೆ ಇಳಕಲ್ಲಿನ ಒಂದು ಮನೆಯಲ್ಲಿ ತೊಳೆದಿಟ್ಟ ಅವಲಕ್ಕಿ ಗುಲಾಬಿ ಬಣ್ಣಕ್ಕೆ ತಿರುಗಿತು. ಪ್ರಾಣಹಾನಿ ಆಗಲಿಲ್ಲ. ನೀರು ಹಿತ್ತಲ ಬಾವಿಯದು. ಬಾವಿಯ ಪಕ್ಕದಲ್ಲೇ ಸೀರೆಯ ನೂಲಿಗೆ ಬಣ್ಣ ಹಾಕುವ ಕಾರ್ಖಾನೆ.

ನಾನಾಗ ಬಾಗಲಕೋಟೆಯ ಒಂದು ಸಣ್ಣ ಕಚೇರಿಯಲ್ಲಿದ್ದೆ. ಕಾರ್ಖಾನೆಗಳು ಕೆಡಿಸಿದ ನೀರನ್ನು ಪರೀಕ್ಷಿಸಿ, ಸರಿಪಡಿಸುವ ದಾರಿ ಹೇಳುವುದು ನಮ್ಮ ಉದ್ಯೋಗ. ನಮ್ಮನ್ನು ಕರೆಸಿದವರು ಆ ಕಾರ್ಖಾನೆಯ ಮಾಲೀಕರೇ. ಬಣ್ಣ ತಮ್ಮದಲ್ಲ ಎಂದು ಬರೆಸಿಕೊಳ್ಳುವುದು ಅವರ ಆಸೆ. ಈ ಉದ್ಯೋಗದಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಒಂದೇ ಬಾವಿಯಲ್ಲಿ ಇಷ್ಟೊಂದು ಆದದ್ದು ಮಾತ್ರ ಅಲ್ಲೇ.

ನೀರು ನೋಡುವವರು

ಬಾಗಿಲು ತೆರೆದವರು ಮನೆಯ ಹಿರಿಯ ಹೆಣ್ಣುಮಗಳು. ಓಣಿಗೆಲ್ಲ ಅವರು 'ಅವ್ವ'.

"ಏನಾಗಬೇಕ್ರಿ?"

"ನೀರು ನೋಡಾಕ ಬಂದೇನ್ರಿ."

ನಮ್ಮ ಕಡೆ ನೀರು ನೋಡುವವರೆಂದರೆ ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಹೊಲದಲ್ಲಿ ಅಡ್ಡಾಡಿ, ಕಾಯಿ ಎದ್ದು ನಿಂತ ಕಡೆ ಬಾವಿ ತೋಡಿರಿ ಎಂದು ಹೇಳುವವರು. ಹೊಸ ಬಾವಿ ತೋಡಲು ಕಾಯುತ್ತಿದ್ದ ಪಕ್ಕದ ಮನೆಯವರು ಓಡಿಬಂದು ನನ್ನ ಕೈಯಲ್ಲಿ ಕಾಯಿ ಇಟ್ಟರು.

"ಚಪ್ಪಲಿ ಕಳೀರಿ. ಕಾಲಾಗ ಚಪ್ಪಲಿ ಇದ್ರ ಕಾಯಿ ಏಳಂಗಿಲ್ಲ."

"ನೀರು ಎಲ್ಲೈತಿ ಅಂತ ನೋಡಾವಲ್ರಿ ನಾ. ಹೆಂಗೈತಿ ಅಂತ ನೋಡಾವ."

"ಅದಕ್ಕ ಬಾಗಲಕೋಟಿಯಿಂದ ಯಾಕ ಬಂದ್ರಿ?" ಎಂದರು ಅವ್ವ. "ಕೆಂಪೈತಿ."

ಮುಂದೆ ನಾವು ಬರೆದ ವರದಿಯ ಮೊದಲ ಭಾಗದಲ್ಲಿ ಇದೇ ಇತ್ತು, ಇನ್ನಷ್ಟು ಉದ್ದವಾಗಿ.

ಬಾವಿಕಟ್ಟೆಯ ಮೇಲೆ ಕೂತು ಅವ್ವ ಹೇಳಿದರು. "ನಮ್ಮ ಯಜಮಾನ್ರು ತಾವ ನಿಂತು ತೋಡಿಸಿದ ಬಾವಿ ಇದು. ಒಂದೊಂದು ತಂಬಿಗಿ ಕುಡದಾಗೂ, ಬೆಲ್ಲ ಹಾಕೀ ಏನ, ಅಂತ ಕೇಳಾವ್ರು. ಕಣ್ಣು ಮುಚ್ಚೂತನಕ ಕೇಳಿದ್ರು. ಆ ನೀರು ಇನ್ನೊಮ್ಮೆ ಕುಡೀಬೇಕ್ರಿ ನಾ. ಅಷ್ಟ."

ಪಕ್ಕದ ಮನೆಯವರು ಅಷ್ಟರಲ್ಲಿ ತಮ್ಮ ಕಾಯಿ ವಾಪಸು ಕೇಳಿದರು.

ತೀರ್ಥ

ಬಾವಿಯ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಹುನಗುಂದದ ಮೇಲಿಂದ ಬಾಗಲಕೋಟೆಯ ಬಸ್ಸು ಹಿಡಿದೆ. ಬಾಟಲಿ ತೊಡೆಯ ಮೇಲಿತ್ತು. ಕೂಡಲಸಂಗಮಕ್ಕೆ ಹೋಗಿ ಬಂದ ಒಬ್ಬ ಹಿರಿಯರು ದಾರಿಯಲ್ಲಿ ಹತ್ತಿ ಪಕ್ಕದಲ್ಲಿ ಕೂತರು. ಬಾಟಲಿ ನೋಡಿ ಕೈಮುಗಿದರು.

"ಕುಂಕುಮದ ಅಭಿಷೇಕದ್ದೇನ್ರಿ? ನಮಗ ಸಿಗಲೇ ಇಲ್ಲ."

"ಅಲ್ರಿ, ಇದು ಹೊಲಸು ನೀರು."

"ತೀರ್ಥಕ್ಕ ಹಂಗ ಅನಬಾರದು," ಎಂದು ಅವರು ಬಾಟಲಿ ತೆಗೆದುಕೊಂಡು ಬಿರಟೆ ತೆಗೆದರು. ಕುಡಿಯಲು ಬಿಡಲಿಲ್ಲ, ಅದೊಂದು ನನ್ನ ಸಾಧನೆ. ತಲೆಗೆ, ಅಂಗಿಗೆ, ಹಿಂದಿನ ಸೀಟಿನವರಿಗೆ, ಕೊನೆಗೆ ಕಂಡಕ್ಟರನಿಗೂ ಸಿಂಪಡಿಸಿದರು. ಬಾಟಲಿ ಖಾಲಿಯಾಯಿತು. ಪುಣ್ಯ ಎಷ್ಟು ದಿನ ಉಳಿಯಿತೋ ತಿಳಿಯದು. ಕಲೆ ಮಾತ್ರ ಉಳಿದಿರಬೇಕು, ಅಳಿಯನ ಬಣ್ಣ ಪಕ್ಕಾ ಬಣ್ಣ.

ನಡುವಿನ ಮನುಷ್ಯ

ಹೌದು, ಅಳಿಯ. ಕಾರ್ಖಾನೆಯ ಮಾಲೀಕರು ಅವ್ವನ ಮಗಳ ಗಂಡ. ಆ ಮನೆತನದಲ್ಲಿ ಅತ್ತೆ ಅಳಿಯನ ಎದುರು ಬಂದು ಮಾತಾಡುವುದಿಲ್ಲ. ಎರಡನೆಯ ಬಾಟಲಿ ತುಂಬಲು ಹೋದಾಗ ಅವ್ವ ಬಾಗಿಲ ಮರೆಯಲ್ಲಿ, ಅಳಿಯ ಅಂಗಳದಲ್ಲಿ, ನಾನು ಹೊಸ್ತಿಲಲ್ಲಿ.

"ಅವರಿಗೆ ಹೇಳ್ರಿ, ನೀರು ಕೆಂಪಾಗೈತಿ ಅಂತ."

ಹೇಳಿದೆ.

"ಅವರಿಗೆ ಹೇಳ್ರಿ, ಇಳಕಲ್ಲಾಗ ಕಲ್ಲ ಕೆಂಪು, ನೀರು ಹೆಂಗ ತಿಳಿ ಇರ್ತೈತಿ ಅಂತ."

ಅದನ್ನೂ ಹೇಳಿದೆ.

"ಅವರಿಗೆ ಹೇಳ್ರಿ, ಕಲ್ಲು ನನ್ನ ಲಗ್ನದಾಗೂ ಕೆಂಪಿತ್ತು, ಅವಲಕ್ಕಿ ಬೆಳ್ಳಗಿತ್ತು ಅಂತ. ಮಗಳನ್ನ ಕೊಟ್ಟೇನಿ, ಬಾವಿ ಕೊಟ್ಟಿಲ್ಲ ಅಂತನೂ ಹೇಳ್ರಿ."

ಇದನ್ನು ಹೇಳಲು ನಾನು ಅನುಮಾನಿಸಿದೆ.

"ಏನಂತಾರ್ರಿ?" ಎಂದರು ಅಳಿಯ.

"ನಿಮಗ ಕೇಳಿಸಲಿಲ್ಲೇನ್ರಿ?"

"ಕೇಳಿಸ್ತು. ಆದ್ರ ನೀವು ಹೇಳೂತನಕ ನನಗ ಕೇಳಿಸಿಲ್ಲ."

ಗಿಳಿ ಹಸಿರು

ಕೆಂಪು ಎಲ್ಲಿಂದ ಬಂತೆಂದು ಬಾಟಲಿಯ ನೀರಿನಿಂದ ಗೊತ್ತಾಗದೆ ನಮ್ಮ ಎಂಜಿನಿಯರ್ ಸಾಹೇಬರು ಕೊನೆಯ ಉಪಾಯ ತೆಗೆದರು. ಕಾರ್ಖಾನೆಯ ಹೊಲಸು ನೀರಿನ ಗುಂಡಿಗೆ ಒಂದು ಹಸಿರು ಪುಡಿ ಹಾಕುವುದು. ಅದರಿಂದ ಅಪಾಯವಿಲ್ಲ. ಹಸಿರು ಬಾವಿಗೆ ಬಂದರೆ ಕೆಂಪೂ ಅದೇ ದಾರಿಯಲ್ಲಿ ಬರುತ್ತದೆ ಎಂದರ್ಥ. ಅಮಾವಾಸ್ಯೆಗೆಂದು ಮುಚ್ಚಿದ ಕಾರ್ಖಾನೆ ಇನ್ನೂ ತೆರೆದಿರಲಿಲ್ಲ, ಬಾವಿಯ ಕೆಂಪೂ ಇಳಿದಿತ್ತು.

"ಬಣ್ಣ ತಗ್ಯಾಕ ಬಂದವ್ರು ಬಣ್ಣ ಹಾಕ್ತೀರೇನ್ರಿ?" ಎಂದರು ಅವ್ವ.

ಕೆಲವು ದಿನಗಳ ಮೇಲೆ ಕೊಡ ಇಳಿಬಿಟ್ಟರೆ ಗಿಳಿ ಹಸಿರು ನೀರು ಬಂತು. ನೇಕಾರರ ಓಣಿ, ಹೆಂಗಸರೆಲ್ಲ ನೆರೆದರು. ಬಾವಿ ಕೆಟ್ಟಿತೆಂದು ಯಾರೂ ಅನ್ನಲಿಲ್ಲ. "ಈ ಹಸರು ಸೀರಿ ದಡಿಗೆ ಭಾಳ ಚೊಲೊ ಕಾಣತೈತಿ. ಎಲ್ಲಿ ಸಿಗತೈತ್ರಿ?" ಎಂದು ಕೇಳಿದರು. ಅಳಿಯನೂ ಬಂದು, ತೊಳೆದರೆ ನಿಲ್ಲುತ್ತದೆಯೇ ಎಂದು ವಿಚಾರಿಸಿದರು. ಆಮೇಲೆ ಅವರಿಗೆ ತಮ್ಮ ಪಕ್ಷ ನೆನಪಾಯಿತು.

"ಬಂದ್ರ ಬರಲಿ. ನೀರಿಗೇನಾಗೈತಿ? ಆರಾಮ ಕುಡೀಬಹುದು."

ಬಾಗಿಲ ಮರೆಯಲ್ಲಿದ್ದ ಅವ್ವ ಒಳಗೆ ಹೋದರು. ತಲೆಯ ಮೇಲೆ ಸೆರಗು ಎಳೆದುಕೊಂಡು ಹೊರಗೆ ಬಂದರು. ಕೈಯಲ್ಲಿ ಬೀಗರು ಬಂದಾಗ ಮಾತ್ರ ತೆಗೆಯುವ ಗಾಜಿನ ಗ್ಲಾಸು, ತುಂಬ ಹಸಿರು ನೀರು. ಅಳಿಯನ ಎದುರಿಗೇ ನಿಂತರು.

"ಕುಡೀರಿ, ಅಳಿಯಾರ."

ಅತ್ತೆ ಕೊಟ್ಟ ನೀರನ್ನು ಬೇಡ ಎಂದ ಅಳಿಯ ಆ ಓಣಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಅವರು ಗ್ಲಾಸು ಹಿಡಿದು ಬಿಸಿಲಿಗೆ ಎತ್ತಿದರು. ಅಂಗಿಯ ಮೇಲೆ ಹಸಿರು ಬೆಳಕು ಬಿತ್ತು. ಬಹಳ ಹೊತ್ತು ನೋಡಿ ನನ್ನ ಕಡೆ ತಿರುಗಿದರು.

"ಅವರಿಗೆ ಹೇಳ್ರಿ, ನಾಳೆ ಗೌಂಡ್ಯಾರನ್ನ ಕರಸ್ತೇನಿ ಅಂತ."

ಗೌಂಡಿ ಬಂದ. ಗುಂಡಿ ಮುಚ್ಚಿ, ದೂರದಲ್ಲಿ ಸಿಮೆಂಟಿನ ತೊಟ್ಟಿ ಕಟ್ಟಿದ. ಬಾವಿಯನ್ನು ಮತ್ತೆ ಮತ್ತೆ ಬತ್ತಿಸಿದರು. ಮಳೆಗಾಲ ಮುಗಿದ ಮೇಲೆ ನೀರು ತಿಳಿಯಾಯಿತು. ಕೊನೆಯ ಬಾಟಲಿ ತುಂಬಲು ಹೋದಾಗ ಅವ್ವ ನನ್ನೆದುರೇ ಒಂದು ತಂಬಿಗೆ ಕುಡಿದರು. ಕುಡಿದು, ಯಾರೋ ಏನೋ ಕೇಳುತ್ತಾರೆ ಎಂಬಂತೆ ಹಿಂದೆ ತಿರುಗಿ ನೋಡಿದರು.

"ಬಣ್ಣ ಹೋತ್ರಿ," ಎಂದರು. "ಬೆಲ್ಲ ಬರಲಿಲ್ಲ."

ವರದಿಯಲ್ಲಿ ನಾವು ಬರೆದದ್ದು: ಬಣ್ಣ, ಇಲ್ಲ. ವಾಸನೆ, ಇಲ್ಲ. ರುಚಿ, ಸಾಮಾನ್ಯ.